ನೆರೆಮನೆಯ ನುಡಿ: ಕೊರಗ ಭಾಷೆಯ ವಿಚಾರ

ಪರಮಾತ್ಮನು ಮಾನವಕುಲಕ್ಕೆ ಅನುಗ್ರಹಿಸಿದ ವರಗಳಲ್ಲಿ ವಾಕ್ಶಕ್ತಿಯು ಅತ್ಯಮೂಲ್ಯವಾದುದು. ಹಕ್ಕಿಗೆ ಕೂಗಿದೆ, ಹಸುವಿಗೆ ಕರೆಯಿದೆ. ಆದರೆ ನಿನ್ನೆಯ ಸಂಗತಿಯನ್ನು ನೆನೆದು ಹೇಳುವುದಕ್ಕೂ ನಾಳೆಯದನ್ನು ಊಹಿಸಿ ಆಡುವುದಕ್ಕೂ ತಕ್ಕ ನುಡಿಯು ಮನುಷ್ಯನಿಗೆ ಮಾತ್ರವೇ ದೊರೆತಿರುವುದು. ಈ ನುಡಿಯಾದರೋ ಲೋಕದಲ್ಲೆಲ್ಲಾ ಒಂದೇ ಬಗೆಯಾಗಿಲ್ಲ. ಈಗ ಭೂಮಂಡಲದಲ್ಲಿ ಸುಮಾರು ೭,೦೦೦ ಭಾಷೆಗಳು ಬಳಕೆಯಲ್ಲಿವೆಯೆಂದು ಭಾಷಾಶಾಸ್ತ್ರಜ್ಞರು ಲೆಕ್ಕ ಹಾಕಿರುವರು. ಆಸ್ಟ್ರೇಲಿಯದ ಉತ್ತರಕ್ಕಿರುವ ಪಪುವ ನ್ಯೂಗಿನಿಯೆಂಬ ದೇಶವೊಂದರಲ್ಲಿಯೇ ೮೦೦ಕ್ಕೆ ಮಿಕ್ಕಿದ ಭಾಷೆಗಳಿವೆ. ಬೆಟ್ಟಗಳೂ ಕಣಿವೆಗಳೂ ಜವುಗುನೆಲಗಳೂ ಊರಿನಿಂದ ಊರನ್ನು ಬೇರ್ಪಡಿಸಿರುವ ಆ ನಾಡಿನಲ್ಲಿ ಕೆಲವು ಭಾಷೆಗಳು ಒಂದೆರಡು ಹಳ್ಳಿಗಳ ಆಚೆಗೆ ಯಾರಿಗೂ ತಿಳಿಯವು. ಅಂಥವುಗಳಲ್ಲಿ ಕೆಲವನ್ನು ಈಗ ಬೆರಳೆಣಿಕೆಯ ವೃದ್ಧರು ಮಾತ್ರವೇ ಬಲ್ಲರು.

ಇದು ದೂರದೇಶದ ಮಾತಾಯಿತೆಂದು ವಾಚಕರು ಎಣಿಸಬಾರದು. ನಮ್ಮ ಭಾರತದೇಶಕ್ಕೇ ಸೇರಿದ ಅಂಡಮಾನ್ ದ್ವೀಪಗಳಲ್ಲಿ 'ಬೋ' ಎಂಬ ಭಾಷೆಯನ್ನಾಡುತ್ತಿದ್ದ ಕಟ್ಟಕಡೆಯ ವೃದ್ಧೆಯು ೨೦೧೦ನೆಯ ಇಸವಿಯ ಜನವರಿ ತಿಂಗಳಲ್ಲಿ ತೀರಿಕೊಂಡಳು. ಅವಳೊಡನೆ ಆ ಭಾಷೆಯೂ ಮಣ್ಣುಗೂಡಿತು. ಕಡೆಗಾಲದಲ್ಲಿ ಅವಳಿಗೆ ತನ್ನ ನುಡಿಯಲ್ಲಿ ಮಾತನಾಡಿಸುವ ಜನರೇ ಇಲ್ಲದೆ ಹೋಗಿದ್ದರು. ಒಂದು ಭಾಷೆಯ ಮರಣವೆಂದರೆ ಇಂಥದು. ಯುದ್ಧವೂ ಇಲ್ಲ, ಗದ್ದಲವೂ ಇಲ್ಲ. ಒಂದು ಮನೆಯ ಒಲೆಯು ನಂದಿದ ಹಾಗೆ ಅದು ನಂದಿಹೋಗುವುದು.

ಇನ್ನೂ ಸಮೀಪಕ್ಕೆ ಬರೋಣ. ನಮ್ಮ ಶಾಲೆಯಲ್ಲಿ ಓದಿ ಹೋದ ಸೋದರಿಯರಲ್ಲಿ ಬೀಜಾಡಿ, ಗೋಪಾಡಿ, ಕುಂಭಾಶಿ, ಕೋಟೇಶ್ವರ ಮೊದಲಾದ ಊರುಗಳವರು ಈ ಲೇಖನವನ್ನು ಓದಬಹುದು. ಕಡಲಿಗೂ ಹೆದ್ದಾರಿಗೂ ನಡುವೆ ಹರಡಿಕೊಂಡಿರುವ ಈ ಊರುಗಳಲ್ಲಿ ನಡೆದು ಹೋಗುವವರ ಕಿವಿಗೆ ಕುಂದಾಪುರದ ಕನ್ನಡವೂ ಕೊಂಕಣಿಯೂ ಉರ್ದುವೂ, ತುಸು ದಕ್ಷಿಣಕ್ಕೆ ಹೋದರೆ ತುಳುವೂ ಬೀಳುವುವು. ಆದರೆ ಈ ಸೀಮೆಯಲ್ಲಿ ಇನ್ನೊಂದು ಭಾಷೆಯೂ ಇದೆಯೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅದುವೇ ಕೊರಗರ ಭಾಷೆ. ನಮ್ಮ ಅಜ್ಜಿಯಂದಿರು ಬತ್ತವನ್ನು ಗೇರಿದ ಗೆರಸಿಯೂ, ಗೊಬ್ಬರವನ್ನು ಹೊತ್ತ ಹೆಡಿಗೆಯೂ, ಗಂಜಿಯನ್ನು ಬಸಿದ ಸಿಬ್ಬಲೂ, ಅನೇಕ ಮನೆಗಳಲ್ಲಿ ಕೂಸನ್ನು ತೂಗಿದ ತೊಟ್ಟಿಲೂ ಈ ಜನರ ಕೈಯಿಂದಲೇ ಬಂದವು. ಅವರ ಕೈಯ ಕೆಲಸವು ನಮ್ಮ ಅಡಿಗೆಮನೆಯ ಒಳಗೆ ಬಂದಿತು. ಅವರ ಮಾತು ಮಾತ್ರ ನಮ್ಮ ಅಂಗಳದವರೆಗೂ ಬರಲಿಲ್ಲ. ಅದೇಕೆ ಬರಲಿಲ್ಲವೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಕೊರಗರು ಉಡುಪಿ, ದಕ್ಷಿಣ ಕನ್ನಡ ಮತ್ತು ಕಾಸರಗೋಡು ಜಿಲ್ಲೆಗಳಲ್ಲಿ ನೆಲಸಿರುವ ಪುರಾತನ ಜನಾಂಗ. ಬಿದಿರು, ಬೆತ್ತ, ಕಾಡಿನ ಬಿಳಲು ಇವುಗಳಿಂದ ಬುಟ್ಟಿ ಹೆಣೆಯುವುದು ಅವರ ಕುಲಕಸುಬು. ಡೋಲು ಬಾರಿಸುವುದರಲ್ಲಿಯೂ ಕೊಳಲು ನುಡಿಸುವುದರಲ್ಲಿಯೂ ಅವರು ನಿಪುಣರು. ಅವರ ಗಜಮೇಳವನ್ನು ಕೇಳಿದವರು ಆ ನಾದವನ್ನು ಬೇಗನೆ ಮರೆಯಲಾರರು. ಹಿಂದೆ ತಮ್ಮ ಕುಲದ ಅರಸನೊಬ್ಬನು ಈ ನಾಡನ್ನಾಳಿದನೆಂಬ ಐತಿಹ್ಯವು ಅವರಲ್ಲಿ ಉಂಟು. ಆ ಅರಸನ ಹೆಸರು ಹುಬಾಶಿಕನೆಂದು ಹೇಳುವರು. ೨೦೦೧ನೆಯ ಜನಗಣತಿಯಲ್ಲಿ ಕರ್ನಾಟಕದ ಕೊರಗರ ಸಂಖ್ಯೆ ೧೬,೦೭೧ ಆಗಿದ್ದಿತು. ೨೦೧೧ರಲ್ಲಿ ಅದು ೧೪,೭೯೪ಕ್ಕೆ ಇಳಿಯಿತು. ದೇಶದ ಜನಸಂಖ್ಯೆಯು ಏರುತ್ತಿದ್ದ ಆ ಹತ್ತು ವರ್ಷಗಳಲ್ಲಿ ಈ ಒಂದು ಜನಾಂಗವು ಕುಗ್ಗಿದುದು ವ್ಯಸನಕರವಾದ ಸಂಗತಿ. ಸರಕಾರವು ಜೇನುಕುರುಬರನ್ನೂ ಕೊರಗರನ್ನೂ ರಾಜ್ಯದ ಅತ್ಯಂತ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿರುವುದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೇಲೆ ಹೇಳಿದ ಸಂಖ್ಯೆಯು ಜನರದು, ಭಾಷೆಯನ್ನಾಡುವವರದಲ್ಲ. ಕೊರಗರೆಲ್ಲರೂ ತಮ್ಮ ನೆರೆಯವರ ಭಾಷೆಯನ್ನು ಬಲ್ಲರು: ದಕ್ಷಿಣದವರು ತುಳುವನ್ನೂ, ಕುಂದಾಪುರದ ಕಡೆಯವರು ಕನ್ನಡವನ್ನೂ ಆಡುವರು. ತಮ್ಮದೇ ನುಡಿಯನ್ನು ಸರಾಗವಾಗಿ ಆಡಬಲ್ಲವರು ಬಹುಮಟ್ಟಿಗೆ ಹಿರಿಯರು. ಅಜ್ಜಿಯು ಆಡುವಳು, ಮಗಳು ಕೇಳಿ ತಿಳಿಯುವಳು, ಮೊಮ್ಮಗಳಿಗೆ ಒಂದೆರಡು ಶಬ್ದಗಳಷ್ಟೇ ಬರುವುವು. ಮೂರು ತಲೆಗಳಲ್ಲಿ ಒಂದು ಭಾಷೆಯು ಮುಗಿದುಹೋಗುವ ಕ್ರಮವು ಲೋಕದಲ್ಲೆಲ್ಲಾ ಹೀಗೆಯೇ. ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೋ ಸಂಸ್ಥೆಯು ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಕೊರಗ ಭಾಷೆಯನ್ನೂ ಸೇರಿಸಿರುವುದು.

ಕೊರಗರ ಮಾತು ಕನ್ನಡದ ಒಂದು ಕೆಟ್ಟ ರೂಪ, ಅಥವಾ ತುಳುವಿನ ಒಡೆದ ತುಂಡು ಎಂದು ಕೆಲವರು ಎಣಿಸುವುದುಂಟು. ಇದು ಸರಿಯಲ್ಲ. ನಮ್ಮ ಕನ್ನಡ, ತುಳು, ತಮಿಳು, ತೆಲುಗು, ಮಲೆಯಾಳಗಳು ಹುಟ್ಟಿದ ದ್ರಾವಿಡ ಮನೆತನದಲ್ಲಿಯೇ ಹುಟ್ಟಿದ, ತನ್ನದೇ ವ್ಯಾಕರಣವುಳ್ಳ ಒಂದು ಭಾಷೆ ಅದು. ಪುಣೆಯ ಡೆಕ್ಕನ್ ಕಾಲೇಜು ೧೯೭೧ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಡಾಕ್ಟರ್ ಡಿ. ಎನ್. ಶಂಕರ ಭಟ್ಟರು ಇದನ್ನು ಶಾಸ್ತ್ರೀಯವಾಗಿ ವಿವರಿಸಿದರು. ಒಂಟಿ, ತಪ್ಪು, ಮುದು ಎಂಬ ಮೂರು ಒಳನುಡಿಗಳನ್ನು ಅವರು ಗುರುತಿಸಿದರು. ಇದರ ಕೆಲವು ಲಕ್ಷಣಗಳು ಛೋಟಾ ನಾಗಪುರದ ಕುರುಖ್, ರಾಜಮಹಲ್ ಬೆಟ್ಟಗಳ ಮಾಲ್ತೋ, ಬಲೂಚಿಸ್ತಾನದ ಬ್ರಾಹೂಈ ಎಂಬ ಉತ್ತರದ ದ್ರಾವಿಡ ಭಾಷೆಗಳನ್ನು ಹೋಲುವುದಾಗಿ ಅವರಿಗೆ ಕಂಡಿತು. ಬೇರೆ ವಿದ್ವಾಂಸರು ಇದನ್ನು ತುಳುವಿನ ಬಳಿಯಲ್ಲಿಯೇ ಇರಿಸುವರು. ಚರ್ಚೆಯು ಹೇಗೇ ಮುಗಿಯಲಿ, ನಮ್ಮ ಕರಾವಳಿಯ ಬುಟ್ಟಿ ಹೆಣೆಯುವವರ ಮಾತು ಬಹುದೂರದ ಭಾಷೆಗಳೊಡನೆ ತೂಗಿ ನೋಡಲ್ಪಟ್ಟಿತೆಂಬುದೇ ಅದರ ಮಹತ್ತ್ವವನ್ನು ಸೂಚಿಸುವುದು.

ಸಣ್ಣ ಭಾಷೆಯೊಂದರಿಂದ ದೊಡ್ಡ ಭಾಷೆಗಳಿಗೆ ಆಗುವ ಪ್ರಯೋಜನವೇನು ಎಂದು ಕೆಲವರು ಕೇಳಬಹುದು. ಒಂದು ಸುಲಭವಾದ ದೃಷ್ಟಾಂತವನ್ನು ಕೊಡುವೆವು. ನಾವು 'ಹುಲಿ' ಎನ್ನುವುದನ್ನು ತಮಿಳರು 'ಪುಲಿ' ಎನ್ನುವರು, ತುಳುವರು 'ಪಿಲಿ' ಎನ್ನುವರು. ನಮ್ಮ 'ಹೂವು' ತುಳುವಿನಲ್ಲಿಯೂ ತಮಿಳಿನಲ್ಲಿಯೂ 'ಪೂ'. ನೆರೆಯವರೆಲ್ಲರೂ ಪಕಾರವನ್ನಾಡುತ್ತಿರಲು ನಾವು ಮಾತ್ರ ಹಕಾರವನ್ನಾಡುವುದೇಕೆ? ಹಳಗನ್ನಡದಲ್ಲಿ ನಾವೂ 'ಪುಲಿ', 'ಪೂ' ಎಂದೇ ಅನ್ನುತ್ತಿದ್ದೆವು. ನಡುವೆ ನಮ್ಮ ನಾಲಿಗೆಯು ಬದಲಾಯಿತು. ಕನ್ನಡಕ್ಕೆ ಹಳೆಯ ಶಾಸನಗಳೂ ಕಾವ್ಯಗಳೂ ಇರುವುದರಿಂದ ಇದನ್ನು ತಿಳಿಯುವುದು ಸುಲಭ. ಬರೆಹವಿಲ್ಲದ ಭಾಷೆಗಳ ಪೂರ್ವಕಥೆಯನ್ನು ತಿಳಿಯಬೇಕಾದರೆ ಹೀಗೆ ನೆರೆಯ ಭಾಷೆಗಳನ್ನು ಒಂದರ ಮಗ್ಗುಲಲ್ಲಿ ಒಂದನ್ನಿಟ್ಟು ನೋಡುವುದೊಂದೇ ಮಾರ್ಗ. ನ್ಯಾಯಸ್ಥಾನದಲ್ಲಿ ಬಡವನ ಸಾಕ್ಷ್ಯವೂ ಧನಿಕನ ಸಾಕ್ಷ್ಯದಷ್ಟೇ ಬೆಲೆಯುಳ್ಳದ್ದಾಗಿರುವ ಹಾಗೆ, ಭಾಷೆಗಳ ಚರಿತ್ರೆಯಲ್ಲಿ ಕೊರಗ ಭಾಷೆಯ ಸಾಕ್ಷ್ಯವು ಕನ್ನಡದ ಸಾಕ್ಷ್ಯಕ್ಕೆ ಸಮನಾದುದು. ಸಾಕ್ಷಿಯು ಮಾತನಾಡುವ ಮೊದಲೇ ಗತಿಸಿಹೋದರೆ ಆ ನಷ್ಟವು ನಮ್ಮೆಲ್ಲರದು.

ನಮ್ಮ ಜಿಲ್ಲೆಯಲ್ಲಿ ಭಾಷೆಗಳಿಗೆ ಗ್ರಂಥಗಳನ್ನು ಒದಗಿಸಿದವರಲ್ಲಿ ಬಾಸೆಲ್ ಮಿಶನ್ನಿನವರು ಮುಖ್ಯರೆಂಬುದನ್ನು ನಮ್ಮ ವಾಚಕರು ಬಲ್ಲರು. ಅವರು ೧೮೩೪ರಲ್ಲಿ ಮಂಗಳೂರಿಗೆ ಬಂದು ೧೮೪೧ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ತುಳುವಿಗೆ ೧೮೭೨ರಲ್ಲಿ ಬ್ರಿಗೆಲ್ ದೊರೆಗಳ ವ್ಯಾಕರಣವೂ ೧೮೮೬ರಲ್ಲಿ ಮ್ಯಾನರ್ ದೊರೆಗಳ ನಿಘಂಟೂ ದೊರೆತವು. ಕನ್ನಡಕ್ಕೆ ೧೮೯೪ರಲ್ಲಿ ಕಿಟ್ಟೆಲ್ ಪಂಡಿತರ ಮಹಾನಿಘಂಟು ದೊರೆಯಿತು. ಮ್ಯಾನರರ ನಿಘಂಟಿಗೂ ಶಂಕರ ಭಟ್ಟರ ಗ್ರಂಥಕ್ಕೂ ನಡುವೆ ೮೫ ವರ್ಷಗಳು ಕಳೆದವು. ಈ ವಿಳಂಬಕ್ಕೆ ಒಂದು ಕಾರಣವು ಹಳೆಯ ಬರೆಹಗಳಿಂದ ತಿಳಿಯಬರುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಕೊರಗರ ವಿಷಯವಾಗಿ ಬರೆದವರು ಒಂದು ಸಂಗತಿಯನ್ನು ಆಶ್ಚರ್ಯದಿಂದ ಗುರುತಿಸಿರುವರು: ಈ ಜನರು ತಮ್ಮ ಹಬ್ಬ, ಮದುವೆ, ಆಚಾರಗಳನ್ನು ಕೇಳಿದರೆ ಹೇಳುವರು, ತಮ್ಮ ಭಾಷೆಯ ಮಾತೆತ್ತಿದರೆ ಬಾಯಿ ಬಿಡರು. ೧೯೦೯ರಲ್ಲಿ ಪ್ರಕಟವಾದ ಥರ್ಸ್ಟನ್ ದೊರೆಗಳ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲಿಯೂ ಈ ಸಂಗತಿಯು ಸೇರಿರುವುದು.

ಬರೆದವರಿಗೆ ಇದು ಒಂದು ವಿಚಿತ್ರವಾಗಿ ಕಂಡಿತು. ನಮಗಾದರೋ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಸತ್ಯವೇದವನ್ನು ಓದಿದ ಸೋದರಿಯರು ನ್ಯಾಯಸ್ಥಾಪಕರ ಪುಸ್ತಕದ ಒಂದು ಘೋರ ವೃತ್ತಾಂತವನ್ನು ನೆನಪಿಗೆ ತಂದುಕೊಳ್ಳಲಿ. ಯೊರ್ದನ್ ಹೊಳೆಯ ಹಾಯಗಡಗಳಲ್ಲಿ ಕಾವಲಿದ್ದ ಗಿಲ್ಯಾದ್ಯರು, ದಾಟಲು ಬಂದ ಒಬ್ಬೊಬ್ಬನನ್ನೂ ತಡೆದು 'ಶಿಬ್ಬೋಲೆತ್' ಎಂಬ ಶಬ್ದವನ್ನು ನುಡಿಯಹೇಳಿದರು. ಎಫ್ರಾಯೀಮ್ಯರ ನಾಲಿಗೆಗೆ ಶಕಾರವು ಬಾರದು. ಅವರು 'ಸಿಬ್ಬೋಲೆತ್' ಎಂದರು, ಅಷ್ಟಕ್ಕೇ ಹತರಾದರು. ಒಂದು ಅಕ್ಷರದಿಂದ ಪ್ರಾಣವು ಹೋಗುವ ಕಡೆಯಲ್ಲಿ ಬುದ್ಧಿಯುಳ್ಳವನು ತನ್ನ ನುಡಿಯನ್ನು ಅಡಗಿಸಿಡುವನು. ಕೊರಗರ ಪಾಲಿಗೆ ಈ ನಾಡು ಬಹುಕಾಲ ಯೊರ್ದನಿನ ಹಾಯಗಡವೇ ಆಗಿದ್ದಿತು.

ಹೇಗೆಂದರೆ, ಅವರಲ್ಲಿ ಅಂಡೆಕೊರಗರೆಂಬ ಪಂಗಡದ ಹೆಸರೇ ಒಂದು ಅಪಮಾನದ ಸ್ಮಾರಕ. ದಾರಿಯಲ್ಲಿ ಉಗುಳಿದರೆ ನೆಲವು ಮೈಲಿಗೆಯಾದೀತೆಂದು ಉಗುಳುವುದಕ್ಕಾಗಿ ಕೊರಳಿಗೆ ಅಂಡೆಯನ್ನು ಕಟ್ಟಿಸಲಾಗುತ್ತಿದ್ದಿತೆಂದು ಹೇಳುವರು. ಸೊಪ್ಪುಕೊರಗರೆಂಬ ಇನ್ನೊಂದು ಹೆಸರು, ಸೊಂಟಕ್ಕೆ ಸೊಪ್ಪನ್ನು ಕಟ್ಟಿಕೊಳ್ಳುತ್ತಿದ್ದ ಸ್ತ್ರೀಯರನ್ನು ನೆನಪಿಸುವುದು. 'ಅಜಲು' ಎಂಬ ಪದ್ಧತಿಯಂತೂ ಹೇಳಲು ನಾಚಿಕೆಯಾಗುವಂಥದು. ಇತರರ ರೋಗವನ್ನೂ ಕೇಡನ್ನೂ ಕೊರಗರಿಗೆ ದಾಟಿಸುವ ನೆವದಿಂದ, ಕೂದಲು ಉಗುರುಗಳನ್ನು ಬೆರಸಿದ ಅನ್ನವನ್ನು ಅವರಿಗೆ ಉಣ್ಣಿಸುತ್ತಿದ್ದರು. ಕಂಬಳಕ್ಕೆ ಮುಂಚೆ ಅವರನ್ನು ಕೋಣಗಳಂತೆ ಗದ್ದೆಯಲ್ಲಿ ಓಡಿಸುತ್ತಿದ್ದರು. ಕರ್ನಾಟಕದ ಶಾಸನಸಭೆಯು ಇದನ್ನು ನಿಷೇಧಿಸುವ ಕಾನೂನನ್ನು ೨೦೦೦ನೆಯ ಇಸವಿಯಲ್ಲಿ ಮಾಡಬೇಕಾಯಿತು. ನೂರು ವರ್ಷಗಳ ಹಿಂದೆ ಅಲ್ಲ, ನಮ್ಮಲ್ಲಿ ಅನೇಕರು ಶಾಲೆ ಬಿಟ್ಟು ಸಂಸಾರವಂತರಾದ ಮೇಲೆ ಅಂಥ ಕಾನೂನು ಬೇಕಾಯಿತೆಂಬುದನ್ನು ನಾವು ಮರೆಯಲಾಗದು.

ಇಂಥ ಲೋಕದಲ್ಲಿ ಕೊರಗರಿಗೆ ಸ್ವಂತವಾಗಿ ಉಳಿದದ್ದೇನು? ನೆಲವು ಇರಲಿಲ್ಲ, ಕೊಪ್ಪವೆಂದು ಕರೆಯಲ್ಪಡುವ ಅವರ ಗುಡಿಸಲುಗಳಿದ್ದ ಜಾಗವೂ ಬಹುತೇಕ ಪರರದು. ದುಡಿಮೆಯ ಮೇಲೆಯೂ ಡೋಲಿನ ನಾದದ ಮೇಲೆಯೂ ಒಡೆಯರಿಗೆ ಅಧಿಕಾರವಿದ್ದಿತು. ಪರರು ಕೈಹಾಕಲಾರದಂಥದು ಒಂದೇ: ರಾತ್ರಿ ಒಲೆಯ ಬಳಿಯಲ್ಲಿ ತಮ್ಮತಮ್ಮೊಳಗೆ ಆಡಿಕೊಳ್ಳುವ ಮಾತು. ಅದನ್ನು ಅವರು ಮನೆಯ ಒಳಕೋಣೆಯಂತೆ ಕಾಪಾಡಿಕೊಂಡರು. ಯಾರಿಗೂ ತೋರಿಸದಿದ್ದುದರಿಂದಲೇ ಅದು ಇಷ್ಟು ಕಾಲ ಉಳಿಯಿತು.

ಆದರೆ ಕಾಲವು ಬದಲಾದಾಗ ಆ ಬೇಲಿಯೇ ಅಪಾಯಕ್ಕೆ ಕಾರಣವಾಯಿತು. ಕೊರಗರ ಮಕ್ಕಳು ಶಾಲೆಗೆ ಬಂದರು. ಅದು ಬಹಳ ಒಳ್ಳೆಯದೇ ಆಯಿತು. ೧೮೯೭ರಲ್ಲಿ ಮಂಗಳೂರಿನಲ್ಲಿ ದಲಿತವರ್ಗದವರಿಗಾಗಿ ಸಂಸ್ಥೆಯನ್ನು ಸ್ಥಾಪಿಸಿದ ಕುದ್ಮುಲ್ ರಂಗರಾಯರಂಥವರು ಜನರ ದೂಷಣೆಯನ್ನು ಸಹಿಸಿ ಆ ಬಾಗಿಲನ್ನು ತೆರೆದರು. ಈಗ ಈ ಸಮುದಾಯದಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದವರೂ ವಿಶ್ವವಿದ್ಯಾನಿಲಯದಲ್ಲಿ ಬೋಧಿಸುವ ಹೆಣ್ಣುಮಕ್ಕಳೂ ಉಂಟು. ಆದರೆ ಶಾಲೆಯಲ್ಲಿ ಪಾಠವು ಕನ್ನಡದಲ್ಲಿ, ಈಚೆಗೆ ಇಂಗ್ಲಿಷಿನಲ್ಲಿ. ಆಟವು ಕನ್ನಡದಲ್ಲಿಯೋ ತುಳುವಿನಲ್ಲಿಯೋ. ತನ್ನ ಮನೆಯ ಮಾತೊಂದು ಬಾಯಿತಪ್ಪಿ ಬಂದರೆ ತಾನು ಯಾರೆಂಬುದು ತಿಳಿದುಹೋಗುವುದು, ನಗೆಗೀಡಾಗುವೆನು ಎಂಬ ಭಯವು ಮಗುವಿಗೆ. ಮಗುವು ನೊಂದೀತೆಂಬ ಮರುಕದಿಂದಲೇ ತಾಯಿಯು ತನ್ನ ನುಡಿಯನ್ನು ಅದಕ್ಕೆ ಕಲಿಸದೆ ಬಿಡುವಳು. ಹೀಗೆ ಭಾಷೆಯನ್ನು ಕೊಲ್ಲುವುದು ಬಡತನವೊಂದೇ ಅಲ್ಲ, ವಿದ್ಯೆಯೂ ಅಲ್ಲ. ಆಡುವವರ ಮೇಲೆ ನಾವು ಹೊರಿಸಿದ ನಾಚಿಕೆಯು ಅದನ್ನು ಕೊಲ್ಲುವುದು.

ಈ ನಾಚಿಕೆಯ ಬಲವನ್ನು ಕುಂದಾಪುರದ ಸೋದರಿಯರು ಸ್ವಲ್ಪಮಟ್ಟಿಗೆ ಸ್ವಾನುಭವದಿಂದಲೇ ಬಲ್ಲರು. 'ಹೋಗಬೇಕು' ಎಂಬುದಕ್ಕೆ 'ಹೋಯ್ಕ್' ಎಂದೂ 'ಬರಬೇಕು' ಎಂಬುದಕ್ಕೆ 'ಬರ್ಕ್' ಎಂದೂ ಆಡುವ ನಮ್ಮವರು ಬೆಂಗಳೂರಿಗೆ ಹೋದಾಗ, ನಗುವವರ ಎದುರಿನಲ್ಲಿ ನಾಲಿಗೆಯನ್ನು ತಿದ್ದಿಕೊಂಡು ಪುಸ್ತಕದ ಕನ್ನಡವನ್ನಾಡಿದ ಕಾಲವೊಂದಿತ್ತು. ಈಗಲಾದರೋ ೨೦೧೯ರಿಂದ ಆಷಾಢದ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನವನ್ನೇ ಆಚರಿಸುತ್ತ ಬಂದಿರುವರು. ಭಾಷೆಯು ಬದಲಾಗಲಿಲ್ಲ, ಶಬ್ದಗಳೂ ಬದಲಾಗಲಿಲ್ಲ. ನಾಚಿಕೆಯು ತೊಲಗಿ ಅಭಿಮಾನವು ಬಂದಿತು. ಕುಂದಾಪುರದ ಕನ್ನಡಕ್ಕೆ ಲಕ್ಷಾಂತರ ಜನರ ಬೆಂಬಲವೂ ಹೋಟೆಲು, ನಾಟಕ, ಚಲಚ್ಚಿತ್ರಗಳ ಸಹಾಯವೂ ಇದ್ದುವು. ಕೊರಗ ಭಾಷೆಗೆ ಅಂಥ ಬಂಧುಬಳಗವಿಲ್ಲ. ಆದುದರಿಂದ ನೆರೆಯವರ ಸದ್ಭಾವನೆಯು ಅದಕ್ಕೆ ಹೆಚ್ಚಾಗಿ ಬೇಕಾಗಿರುವುದು.

ಅಳಿವಿನಂಚಿನ ಭಾಷೆಯು ಮತ್ತೆ ಚಿಗುರುವುದುಂಟೋ? ಉಂಟು. ನ್ಯೂಜಿಲೆಂಡಿನ ಮಾವೊರಿ ಜನರು ತಮ್ಮ ಮಕ್ಕಳು ಇಂಗ್ಲಿಷನ್ನು ಮಾತ್ರ ಆಡುತ್ತಿರುವುದನ್ನು ಕಂಡು ೧೯೮೨ರಲ್ಲಿ 'ಕೋಹಂಗ ರೇಯೋ' ಎಂಬ ಶಿಶುಶಾಲೆಗಳನ್ನು ಪ್ರಾರಂಭಿಸಿದರು. ಆ ಹೆಸರಿನ ಅರ್ಥವು 'ನುಡಿಯ ಗೂಡು' ಎಂದು. ಅಲ್ಲಿ ಅಜ್ಜ ಅಜ್ಜಿಯರೇ ಉಪಾಧ್ಯಾಯರು. ಮಕ್ಕಳು ಊಟ, ಆಟ, ನಿದ್ದೆಗಳ ನಡುವೆ ಅವರ ಬಾಯಿಂದ ಮಾವೊರಿ ನುಡಿಯನ್ನು ಕೇಳಿ ಕಲಿತರು. ನಡುತಲೆಮಾರಿನಲ್ಲಿ ಕಡಿದುಹೋಗಿದ್ದ ಎಳೆಯನ್ನು ಅಜ್ಜಿಯರೇ ಮೊಮ್ಮಕ್ಕಳಿಗೆ ಗಂಟುಹಾಕಿದರು.

ನಮ್ಮಲ್ಲಿಯೂ ಮಾರ್ಗಗಳು ಮುಚ್ಚಿಹೋಗಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿ ದೊರೆಯುವಂತೆ ರಾಜ್ಯಗಳು ಪ್ರಯತ್ನಿಸಬೇಕೆಂದು ಭಾರತದ ಸಂವಿಧಾನವು ೩೫೦ಎ ಎಂಬ ವಿಧಿಯಲ್ಲಿ ಹೇಳಿರುವುದು. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥಾನದಲ್ಲಿ, ಹತ್ತು ಸಾವಿರಕ್ಕಿಂತ ಕಡಿಮೆ ಜನರಾಡುವ ಭಾಷೆಗಳನ್ನು ದಾಖಲಿಸುವ ಯೋಜನೆಯೊಂದು ೨೦೧೩ರಲ್ಲಿ ಪ್ರಾರಂಭವಾಯಿತು. ಬರೆಯಲು ಬೇರೆ ಲಿಪಿಯು ಬೇಕೇಬೇಕೆಂಬುದೂ ಇಲ್ಲ. ತುಳು ಪುಸ್ತಕಗಳನ್ನು ಮಿಶನ್ನಿನವರು ಕನ್ನಡ ಲಿಪಿಯಲ್ಲಿಯೇ ಅಚ್ಚುಹಾಕಿಸಿದರಲ್ಲವೇ? ಕೊರಗ ಸಮುದಾಯದ ವಿದ್ಯಾವಂತ ಯುವಕ ಯುವತಿಯರು ತಮ್ಮ ಅಜ್ಜಿಯರ ಮಾತು, ಕಥೆ, ಹಾಡುಗಳನ್ನೂ, ಬುಟ್ಟಿಯ ಹೆಣಿಗೆಗಳಿಗೂ ಕಾಡಿನ ಬಳ್ಳಿಗಳಿಗೂ ಇರುವ ಹೆಸರುಗಳನ್ನೂ ಈಗಲೇ ಧ್ವನಿಮುದ್ರಿಸಿಕೊಂಡರೆ ಅದು ಮುಂದಿನವರಿಗೆ ದೊಡ್ಡ ಆಸ್ತಿಯಾಗುವುದು. ಆದರೆ ಇದರ ಒಡೆತನವು ಅವರದೇ ಆಗಿರತಕ್ಕದ್ದು. ನೂರೈವತ್ತು ವರ್ಷಗಳ ಹಿಂದೆ ಕೇಳಿದವರಿಗೆ ಹೇಳದೆ ಕಾಪಾಡಿದ ನುಡಿಯನ್ನು ಈಗ ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕೆಂಬುದನ್ನು ನಿಶ್ಚಯಿಸುವವರು ಅವರೇ ಹೊರತು ಸರಕಾರವೂ ಅಲ್ಲ, ಪಂಡಿತರೂ ಅಲ್ಲ, ನಾವೂ ಅಲ್ಲ.

ಹಾಗಾದರೆ ನಮ್ಮ ಕರ್ತವ್ಯವೇನು? ಅದು ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಉಪಾಧ್ಯಾಯಿನಿಯರು, ದಾದಿಯರು, ಅಂಗನವಾಡಿಯ ಕಾರ್ಯಕರ್ತೆಯರು. ಎಲ್ಲಕ್ಕಿಂತ ಮಿಗಿಲಾಗಿ ಮನೆಯಲ್ಲಿ ಮಕ್ಕಳ ನಾಲಿಗೆಯನ್ನು ತಿದ್ದುವ ತಾಯಂದಿರು. ಒಂದು ಜನಾಂಗದ ಹೆಸರನ್ನು ಬೈಗುಳದ ಶಬ್ದವಾಗಿ ಬಳಸಬಾರದೆಂದು ನಮ್ಮ ಮಕ್ಕಳಿಗೆ ನಾವು ಮನೆಯಲ್ಲಿಯೇ ಕಲಿಸಬಲ್ಲೆವು. ತರಗತಿಯಲ್ಲಿ ಕೊರಗರ ಮಗುವೊಂದಿದ್ದರೆ, 'ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುವಿರಿ?' ಎಂದು ಬಲವಂತವಿಲ್ಲದೆ ಪ್ರೀತಿಯಿಂದ ಕೇಳಬಲ್ಲೆವು; ಅದು ಹೇಳಿದ ಶಬ್ದವನ್ನು ಕನ್ನಡದ ಶಬ್ದದ ಪಕ್ಕದಲ್ಲಿಯೇ ಕಪ್ಪುಹಲಗೆಯ ಮೇಲೆ ಬರೆಯಬಲ್ಲೆವು. ಅಂಗನವಾಡಿಗೆ ಒಬ್ಬ ಅಜ್ಜಿಯನ್ನು ಕರೆದು ಕಥೆ ಹೇಳಿಸಬಲ್ಲೆವು. ಕರಾವಳಿಯಲ್ಲೆಲ್ಲಾ ಸಾವಿರಾರು ಜನರು ಕೊರಗಜ್ಜನೆಂಬ ದೈವವನ್ನು ಭಕ್ತಿಯಿಂದ ನೆನೆಯುವರು. ಆ ಅಜ್ಜನ ಕುಲದ ಮಗುವು ತನ್ನ ನುಡಿಯನ್ನಾಡಲು ಅಂಜಬೇಕಾದ ಸ್ಥಿತಿಯು ಯಾವ ಮತದವರಿಗೂ ಶೋಭಿಸದು.

ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮನು ಇಳಿದುಬಂದಾಗ ಯೆರೂಸಲೇಮಿನಲ್ಲಿ ನೆರೆದಿದ್ದವರೆಲ್ಲರಿಗೂ ಒಂದೇ ದೊಡ್ಡ ಭಾಷೆಯು ಕೊಡಲ್ಪಡಲಿಲ್ಲ. ಒಬ್ಬೊಬ್ಬನೂ ತನ್ನತನ್ನ ಹುಟ್ಟುಭಾಷೆಯಲ್ಲಿ ಸುವಾರ್ತೆಯನ್ನು ಕೇಳಿದನು. ದೇವರ ಕಿವಿಗೆ ಸಣ್ಣದೆಂಬ ಭಾಷೆಯಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನವು ಬೇಕಾಗಿಲ್ಲ. ಮನುಷ್ಯರ ಕಿವಿಗಳೂ ಹಾಗಾಗಬೇಕು. ಬೀಜಾಡಿಯ ಸುತ್ತುಮುತ್ತಲಿನ ಯಾವುದೋ ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ಆ ನುಡಿಯನ್ನು ಇಂದಿಗೂ ಬಲ್ಲಳು. ಅವಳು ಅದನ್ನು ಮೊಮ್ಮಗಳೊಡನೆ ಹಗಲಿನಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ, ಎಲ್ಲರೂ ಕೇಳುವಂತೆ ಆಡುವ ದಿನವು ಬಂದರೆ, ಕೊರಗ ಭಾಷೆಗೆ ಇನ್ನೂ ಒಂದು ತಲೆಮಾರು ದೊರೆಯಿತೆಂದು ತಿಳಿಯಬೇಕು. ಆಗ ತಿರುಗಿ ನೋಡಿ ನಗದೆ, ಗೌರವದಿಂದ ಕಿವಿಗೊಡುವ ನೆರೆಯವರು ನಾವಾಗಿರೋಣ.